ಗಡ್ಡಕ್ಕೊಂದು ಪಿಎಚ್‌.ಡಿ.

ಕಾಫಿಪುಡಿಗೆ ಪಂಡಿತರಾದರು, ಓಟದ ಬೂಟಿಗೆ ಪಂಡಿತರಾದರು, ಈಗ ಬೆಂಗಳೂರಿನಲ್ಲಿ ಬ್ಲೇಡಿಗೂ ಪಂಡಿತರು ಹುಟ್ಟಿಕೊಂಡಿದ್ದಾರೆ. ಬ್ಲೇಡ್ ಕಂಪನಿಗೆ ದುಡ್ಡು ಕಟ್ಟಿ ಕಳಕೊಂಡವರು ಬೆಚ್ಚಿಬೀಳುವುದು ಬೇಡ, ಇದು ಗಡ್ಡ ಕೆರೆಯುವ ಬ್ಲೇಡಿನ ಮಾತು. ಅಪ್ಪಂದಿರು ದಿನಸಿ ಚೀಟಿಯ ಕೊನೇ ಸಾಲಿನಲ್ಲಿ, ಬೆಂಕಿಪೊಟ್ಟಣದ ಕೆಳಗೆ, ‘ಬ್ಲೇಡು’ ಎಂದಷ್ಟೇ ಬರೆದು ಕಳಿಸುತ್ತಿದ್ದರಲ್ಲ, ಅದೇ. ಯಾವ ಬ್ಲೇಡು ಎಂದು ಶೆಟ್ಟರೂ ಕೇಳುತ್ತಿರಲಿಲ್ಲ. ಟೋಪಾಜ್ ಇದ್ದರೆ ಟೋಪಾಜ್, ಇಲ್ಲದಿದ್ದರೆ ಭಾರತ್.

ಇಂಥ ಪಂಡಿತರೊಬ್ಬರು ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದಾರೆ. ವಯಸ್ಸು ಮೂವತ್ತು ದಾಟಿಲ್ಲ. ಗಡ್ಡವೂ ಮಳೆ ಕೈಕೊಟ್ಟ ರಾಗಿಹೊಲದ ಹಾಗೆ ಅಲ್ಲೊಂದು ಇಲ್ಲೊಂದು. ಆದರೆ ಅವರ ಬಚ್ಚಲುಮನೆಯ ಸ್ಟ್ಯಾಂಡಿನಲ್ಲಿ ಜರ್ಮನಿಯ ರೇಜರ್ ಇದೆ, ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ಬ್ರಷ್ ಇದೆ, ಬ್ರಷ್ಷನ್ನು ತಲೆಕೆಳಗಾಗಿ ತೂಗುಹಾಕಲು ಒಂದು ಗೂಟವೂ ಇದೆ. ದೇಶದೇಶದ ಬ್ಲೇಡುಗಳನ್ನು ಐದೈದರಂತೆ ಸೇರಿಸಿ ಮಾರುವ ಸ್ಯಾಂಪ್ಲರ್ ಪ್ಯಾಕ್ ತರಿಸಿಕೊಂಡು, ಎಕ್ಸೆಲ್ ಹಾಳೆಯಲ್ಲಿ ನಾಲ್ಕು ಕಾಲಂ ಎಳೆದಿದ್ದಾರೆ: ಹರಿತ, ನುಣುಪು, ಬಾಳಿಕೆ, ಕ್ಷಮಾಗುಣ. ಹೌದು, ಕ್ಷಮಾಗುಣ. ಕೈ ಜಾರಿದರೂ ಕೆನ್ನೆ ಕುಯ್ಯದೆ ಬಿಟ್ಟ ಬ್ಲೇಡಿಗೆ ಅಲ್ಲಿ ಹತ್ತಕ್ಕೆ ಎಂಟು. ಆಫೀಸಿನ ಮೇಲಧಿಕಾರಿಗಳಿಗೂ ಈ ಕಾಲಂ ಇಡಬೇಕಿತ್ತು.

ಒಂದು ದಿನ ಲಿಫ್ಟಿನಲ್ಲಿ ಸಿಕ್ಕರು.

‘ಅಂಕಲ್, ನೀವು ಯಾವ ಬ್ಲೇಡ್ ಹಾಕ್ತೀರಾ?’

‘ಅಂಗಡಿಯವ್ನು ಕೊಟ್ಟಿದ್ದು ಕಣಪ್ಪ.’

‘ಕೋಟಿಂಗ್ ಯಾವ್ದು? ಪ್ಲಾಟಿನಮ್ಮಾ, ಕ್ರೋಮಿಯಮ್ಮಾ?’

‘ಎಣ್ಣೆ ಕಾಗದ ಸುತ್ತಿರ್ತಾರಪ್ಪ. ಅದನ್ನ ಬಿಚ್ಚಿ ಹಾಕ್ತೀನಿ.’

ನನ್ನ ಕೆನ್ನೆಯ ಕಡೆ ಮರುಕದಿಂದ ನೋಡಿ ಮೂರನೇ ಮಹಡಿಯಲ್ಲಿ ಇಳಿದುಹೋದರು.

ಕವರಿನ ಮೇಲೆ ಪ್ಲಾಟಿನಂ ಎಂದಿದೆಯೆಂದು ಯಾರೂ ಬ್ಲೇಡನ್ನು ಮಾರ್ವಾಡಿ ಅಂಗಡಿಗೆ ಒಯ್ಯಬಾರದು. ಆ ಲೇಪ ಬರಿಗಣ್ಣಿಗೆ ಕಾಣುವಷ್ಟೂ ದಪ್ಪವಿಲ್ಲ. ಅದರ ಮೇಲೆ ದೋಸೆ ಅಂಟದ ತವಾಕ್ಕೆ ಬಳಿಯುತ್ತಾರಲ್ಲ ಟೆಫ್ಲಾನ್, ಅದೇ ಜಾತಿಯ ಇನ್ನೊಂದು ಪದರ. ಹೊಸ ಬ್ಲೇಡು ಚರ್ಮದ ಮೇಲೆ ಜಾರಿಕೊಂಡು ಹೋಗುವುದರಲ್ಲಿ ಪ್ಲಾಟಿನಮ್ಮಿನ ಘನತೆಗಿಂತ ದೋಸೆ ತವಾದ ಪುಣ್ಯವೇ ಹೆಚ್ಚು.

ಪಂಡಿತರು ಅಸ್ತ್ರಾಕ್ಕೂ ಜಿಲೆಟ್ ಸಿಲ್ವರ್ ಬ್ಲೂಗೂ ಕುಸ್ತಿ ಹಚ್ಚುತ್ತಾರೆ. ನ್ಯಾಸೆಟ್ ಒಂದು ಕೂದಲೆಳೆ ಮುಂದೆ, ಪೋಲ್‌ಸಿಲ್ವರಿನ ಕಾಲ ಮುಗಿಯಿತು, ಸೆವೆನ್ ಓ ಕ್ಲಾಕ್ ಹಳದಿಯ ಮುಂದೆ ಮಿಕ್ಕವೆಲ್ಲ ಸಪ್ಪೆ, ಹೀಗೆ ತೀರ್ಪಿನ ಮೇಲೆ ತೀರ್ಪು. ಆದರೆ ಈ ಪೈಲ್ವಾನರೆಲ್ಲ ವರ್ಷಗಟ್ಟಲೆ ತಯಾರಾದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಎಂಬ ಒಂದೇ ಊರಿನಲ್ಲಿ, ಒಂದೇ ಒಡೆಯನ ಕಾರ್ಖಾನೆಯಲ್ಲಿ. ಯಾರು ಗೆದ್ದರೂ ಬಹುಮಾನ ಒಂದೇ ಮನೆಗೆ. ವ್ಯತ್ಯಾಸವೇ ಇಲ್ಲ ಎನ್ನುತ್ತಿಲ್ಲ. ಲೇಪ ಬೇರೆ, ಸಾಣೆ ಬೇರೆ ಇರುತ್ತದೆ. ಜಪಾನಿನ ಫೆದರ್ ಸುಮ್ಮನೆ ಹೆಸರು ಮಾಡಿಲ್ಲ, ಅದರ ಹರಿತಕ್ಕೆ ಅವಸರದ ಕೈ ತಕ್ಷಣ ಬೆಲೆ ತೆರುತ್ತದೆ. ಆದರೆ ಒಬ್ಬನ ಕೆನ್ನೆಯ ತೀರ್ಪು ಇನ್ನೊಬ್ಬನ ಕೆನ್ನೆಗೆ ಅನ್ವಯಿಸುವುದಿಲ್ಲ. ಬ್ಲೇಡಿನ ದಪ್ಪ ಇರುವುದೇ ಮಿಲಿಮೀಟರಿನ ಹತ್ತನೇ ಒಂದು ಪಾಲು. ಬಿಡಿಯಾಗಿ ಹಿಡಿದರೆ ಬಳುಕುತ್ತದೆ. ರೇಜರಿನ ಮುಚ್ಚಳ ಅದನ್ನು ಬಿಗಿಯಾಗಿ ಬಗ್ಗಿಸಿ ಹಿಡಿದಾಗಲೇ ಅದಕ್ಕೆ ಬೆನ್ನೆಲುಬು ಬರುವುದು. ಎಷ್ಟು ಬಗ್ಗಿಸುತ್ತದೆ, ಅಂಚು ಎಷ್ಟು ಹೊರಗೆ ಚಾಚುತ್ತದೆ ಎಂಬುದು ರೇಜರಿನಿಂದ ರೇಜರಿಗೆ ಬೇರೆ. ಜರ್ಮನಿಯ ರೇಜರಿನಲ್ಲಿ ಸಂತನಾಗಿದ್ದ ಬ್ಲೇಡು ನಮ್ಮ ಜಾತ್ರೆಯ ಪ್ಲಾಸ್ಟಿಕ್ ಹಿಡಿಯಲ್ಲಿ ರಾವಣನಾದರೆ ತಪ್ಪು ಬ್ಲೇಡಿನದಲ್ಲ. ಎಕ್ಸೆಲ್ ಹಾಳೆಯಲ್ಲಿ ಇದಕ್ಕೆ ಕಾಲಂ ಇಲ್ಲ.

ಈ ವ್ಯಾಪಾರದ ಮೂಲಪುರುಷ ಕಿಂಗ್ ಕ್ಯಾಂಪ್ ಜಿಲೆಟ್. ಬಾಟಲಿ ಮುಚ್ಚಳ ಮಾರುವ ಕಂಪನಿಯ ಸೇಲ್ಸ್‌ಮನ್ನು. ಬಳಸಿ ಬಿಸಾಡುವಂಥದ್ದೇನಾದರೂ ಕಂಡುಹಿಡಿ, ಗಿರಾಕಿ ತಾನಾಗಿ ತಿರುಗಿ ಬರುತ್ತಾನೆ ಎಂದು ಅವನಿಗೆ ಬುದ್ಧಿ ಹೇಳಿದವನು ಆ ಮುಚ್ಚಳದ ಜನಕ ವಿಲಿಯಂ ಪೇಂಟರ್. ಅಷ್ಟು ತೆಳು ಉಕ್ಕಿಗೆ ಸಾಣೆ ಹಿಡಿಯಲಾಗದು ಎಂದು ಬಲ್ಲವರು ತಲೆಯಾಡಿಸಿದರು. ನಿಕರ್ಸನ್ ಎಂಬ ಎಂಜಿನಿಯರು ಹಿಡಿದು ತೋರಿಸಿದ. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡು. ಮರುವರ್ಷ ಪೇಟೆಂಟ್ ಸಿಕ್ಕಿತು, ರೇಜರುಗಳು 90 ಸಾವಿರ ದಾಟಿದವು. ಮೊದಲ ಮಹಾಯುದ್ಧ ಬಂದಾಗ ಅಮೆರಿಕದ ಸರ್ಕಾರ ತನ್ನ ಸೈನಿಕರಿಗೆಂದು 35 ಲಕ್ಷ ರೇಜರ್, ಮೂರು ಕೋಟಿಗೂ ಮಿಕ್ಕಿ ಬ್ಲೇಡು ಕೊಂಡಿತು. ಸಾಯಲು ಹೊರಟವನ ಗಡ್ಡವೂ ನುಣ್ಣಗಿರಲಿ ಎಂದು.

ಅದು ಹಾಗಿರಲಿ. ಇದೇ ಜಿಲೆಟ್ ಬ್ಲೇಡಿನ ಗೋಜಿಗೆ ಬರುವ ಮೊದಲು, 1894ರಲ್ಲಿ, ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಪುಸ್ತಕ ಬರೆದಿದ್ದ. ಮನುಕುಲದ ಸಕಲ ರೋಗಕ್ಕೂ ಪೈಪೋಟಿಯೇ ಮೂಲ ಎಂಬುದು ಅದರ ವಾದ. ಇಡೀ ದೇಶಕ್ಕೆ ಒಂದೇ ಕಂಪನಿ ಇರಬೇಕಂತೆ, ಅದಕ್ಕೆ ಜನರೇ ಒಡೆಯರಂತೆ, ಎಲ್ಲರೂ ನಯಾಗರಾ ಜಲಪಾತದ ವಿದ್ಯುತ್ತಿನಲ್ಲಿ ನಡೆಯುವ ಒಂದೇ ಮಹಾನಗರದಲ್ಲಿ ವಾಸಿಸಬೇಕಂತೆ. ನಗರ ಕಟ್ಟಲಾಗಲಿಲ್ಲ, ಪೈಪೋಟಿ ಅಳಿಯಲಿಲ್ಲ. ಪುಸ್ತಕ ಬರೆದವನ ಮೀಸೆ ಹೊತ್ತ ಮುಖ ಮಾತ್ರ ಬ್ಲೇಡಿನ ಕವರಿನ ಮೇಲೆ ಜಗತ್ತಿನ ಬಚ್ಚಲುಮನೆಗಳನ್ನೆಲ್ಲ ಸುತ್ತಿತು.

ಪೈಪೋಟಿ ಅವನ ಕಂಪನಿಯನ್ನೂ ಬಿಡಲಿಲ್ಲ. 1962ರಲ್ಲಿ ಇಂಗ್ಲೆಂಡಿನಲ್ಲಿ ಕತ್ತಿಗೆ ಹೆಸರಾಗಿದ್ದ ವಿಲ್ಕಿನ್ಸನ್ ಸ್ವೋರ್ಡ್ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬ್ಲೇಡನ್ನು ಪೇಟೆಗೆ ಬಿಟ್ಟಿತು. ಒಂದೇ ಬ್ಲೇಡು ವಾರ ದಾಟಿಸುತ್ತದೆಂದು ಗಿರಾಕಿಗಳು ಮುಗಿಬಿದ್ದರು. ಜಿಲೆಟ್ ತನ್ನ ಸ್ಟೇನ್‌ಲೆಸ್ ತಂದದ್ದು 1963ರಲ್ಲಿ. ತಡವೇಕೆ ಎಂದು ಕೇಳಬೇಡಿ. ಹೆಚ್ಚು ದಿನ ಬಾಳುವ ಬ್ಲೇಡು ಮಾರಿದರೆ ಗಿರಾಕಿ ತಿರುಗಿ ಬರುವುದೂ ತಡವಲ್ಲವೇ.

ಆಮೇಲೆ ಬಂದದ್ದು ಲೆಕ್ಕದ ಕಾಲ. 1971ರಲ್ಲಿ ಒಂದೇ ತಲೆಯಲ್ಲಿ ಎರಡು ಬ್ಲೇಡು, 1998ರಲ್ಲಿ ಮೂರು, 2003ರಲ್ಲಿ ಎದುರಾಳಿ ಶಿಕ್‌ನಿಂದ ನಾಲ್ಕು, 2006ರಲ್ಲಿ ಐದು. ಮನುಷ್ಯನ ಗಡ್ಡವೇನೂ ಇಷ್ಟರಲ್ಲಿ ಐದು ಪಟ್ಟು ಬೆಳೆದಿರಲಿಲ್ಲ.

ಭಾರತದ ಗಡ್ಡಕ್ಕೆ ರೇಜರ್ ಹೊಂದಿಸಲು ಹೊರಟಾಗಲಂತೂ ಜಿಲೆಟ್ ಕಂಪನಿ ಒಂದು ನಾಟಕವನ್ನೇ ಆಡಿತು. ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ಹುಡುಗರನ್ನು ಕರೆದು ಪರೀಕ್ಷೆ ಮಾಡಿಸಿದರು. ಹುಡುಗರು ಭೇಷ್ ಎಂದರು. ಸರಕು ಭಾರತಕ್ಕೆ ಬಂದು ಮಕಾಡೆ ಮಲಗಿತು. ಹುಡುಗರು ಕ್ಷೌರ ಮಾಡಿಕೊಂಡದ್ದು ಅಮೆರಿಕದ ಸಿಂಕಿನಲ್ಲಿ, ಧೋ ಎಂದು ಸುರಿಯುವ ನಲ್ಲಿಯ ಕೆಳಗೆ. ಇಲ್ಲಿ ಜನ ಕಿಟಕಿಗೆ ಕನ್ನಡಿ ಸಿಕ್ಕಿಸಿ, ಒಂದು ಚೊಂಬು ನೀರು ಮುಂದಿಟ್ಟುಕೊಂಡು ಕೂರುತ್ತಾರೆ. ಚೊಂಬಿನಲ್ಲಿ ಅಲ್ಲಾಡಿಸಿದರೆ ಬ್ಲೇಡುಗಳ ಸಂದಿಯ ಕೂದಲು ಹೋಗುವುದಿಲ್ಲ. ಕೊನೆಗೆ 2010ರಲ್ಲಿ 15 ರೂಪಾಯಿಯ ‘ಗಾರ್ಡ್’ ತಂದರು. ಅದರಲ್ಲಿ ಎಷ್ಟು ಬ್ಲೇಡು? ಒಂದೇ.

ಆ ಚೊಂಬೇ ನಿಜವಾದ ಪಂಡಿತ. ಅದರ ಪಾಠ ಬಲ್ಲವರು ನಮ್ಮ ಬೀದಿಯ ಸಲೂನಿನವರು. ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಮಡಚುತ್ತಾರೆ. ಟಕ್ ಎನ್ನುತ್ತದೆ. ಎರಡು ಹೋಳು. ಕಾಗದ ಜಾರಿಸಿ ಒಂದನ್ನು ಕತ್ತಿಗೆ ಸಿಕ್ಕಿಸಿ, ಇನ್ನೊಂದನ್ನು ಮುಂದಿನ ಗಿರಾಕಿಗೆಂದು ಕನ್ನಡಿಯ ಕೆಳಗಿಡುತ್ತಾರೆ. ದಿನವೆಲ್ಲ ಬಗೆಬಗೆಯ ಗಡ್ಡ ಹೆರೆಯುವ ಕೈ ಅದು. ಯಾವ ಬ್ಲೇಡು ಒಳ್ಳೆಯದು ಎಂದು ಕೇಳಿದರೆ, ‘ಯಾವ್ದಾದ್ರೇನ್ ಸಾರ್, ಗಡ್ಡ ಚೆನ್ನಾಗಿ ನೆನೀಬೇಕು’ ಎಂದು ಮತ್ತೆರಡು ಸಲ ಬ್ರಷ್ ತಿರುವಿದರು. ಎಕ್ಸೆಲ್ ತೆರೆಯಲಿಲ್ಲ.

ವಿಜ್ಞಾನವೂ ಅವರಿಗೆ ಎದುರಾಡುವುದಿಲ್ಲ. 2020ರಲ್ಲಿ ಎಂಐಟಿಯವರೇ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯೊಂದಿದೆ. ಕೂದಲು ಬ್ಲೇಡಿನ ಉಕ್ಕಿಗಿಂತ 50 ಪಟ್ಟು ಮೆದು, ಆದರೂ ಬ್ಲೇಡು ಹಾಳಾಗುವುದು ಕೂದಲಿನಿಂದಲೇ. ಸುಮ್ಮನೆ ಸವೆಯುವುದಲ್ಲ, ಕೂದಲು ಓರೆಯಾಗಿ ಬಾಗಿದಾಗ ಅಂಚಿನಿಂದ ಚೂರುಗಳೇ ಕಿತ್ತುಬರುತ್ತವೆ. ನೀರು ಕುಡಿದ ಕೂದಲು ಮೆತ್ತಗಾಗಿ ಕಡಿಮೆ ಬಲಕ್ಕೇ ತುಂಡಾಗುತ್ತದೆ. ನೆನೆಸದೆ, ಎರಡು ನಿಮಿಷವೂ ಕಾಯದೆ, ಬೆಳೆದ ದಿಕ್ಕಿಗೆ ಎದುರಾಗಿ ಒತ್ತಿ ಎಳೆದು, ಗದ್ದ ಉರಿಯುವಾಗ ಪಟಿಕ ಉಜ್ಜಿಕೊಂಡು, ಈ ಬ್ಲೇಡೇ ಸರಿಯಿಲ್ಲ ಎಂದು ಇನ್ನೊಂದು ದೇಶದ್ದನ್ನು ತರಿಸುವವರಿಗೆ ಯಾವ ದೇಶವೂ ಸಾಲದು.

ಆದ್ದರಿಂದ ತೀರ್ಪು ಇಷ್ಟೆ. ಹತ್ತಿರದ ಅಂಗಡಿಯಲ್ಲಿ ಸಿಗುವ ಎರಡು ಬಗೆ ತನ್ನಿ. ಸ್ನಾನವಾದ ಮೇಲೆ ಕೂರಿ, ರೇಜರಿನ ತೂಕವೇ ಕೆಲಸ ಮಾಡಲಿ, ಕೈ ಒತ್ತಬೇಡಿ. ಎಳೆಯತೊಡಗಿದ ದಿನವೇ ಬ್ಲೇಡು ಬದಲಿಸಿ. ಐದು ದಿನ ಬಾಳಿತೋ ಆರು ದಿನವೋ ಎಂದು ಯಾರಿಗೂ ವರದಿ ಕೊಡಬೇಕಾಗಿಲ್ಲ. ಎರಡರಲ್ಲಿ ಯಾವುದು ಉರಿಸಲಿಲ್ಲವೋ ಅದೇ ಜಗತ್ತಿನ ಶ್ರೇಷ್ಠ ಬ್ಲೇಡು.

ಪಂಡಿತರ ಹಾಳೆಯಲ್ಲಿ ಬಿಟ್ಟುಹೋದ ಇನ್ನೊಂದು ಕಾಲಂ ಇದೆ: ಹಳೇ ಬ್ಲೇಡು ಎಲ್ಲಿಗೆ ಹೋಯಿತು? ಅಮೆರಿಕದ ಹಳೆಯ ಮನೆಗಳ ಬಚ್ಚಲ ಕಪಾಟಿನ ಹಿಂಬದಿಯಲ್ಲಿ ಸಣ್ಣದೊಂದು ಸೀಳು ಇರುತ್ತಿತ್ತು. ಅದರಲ್ಲಿ ತೂರಿಸಿದ ಬ್ಲೇಡು ಗೋಡೆಯ ಟೊಳ್ಳಿಗೆ ಬೀಳುತ್ತಿತ್ತು. ಮನೆ ಕೆಡವಿದವರಿಗೆ ತುಕ್ಕಿನ ರಾಶಿಯ ದರ್ಶನ. ನಮ್ಮಲ್ಲಿ ಅದು ಕಸದ ಚೀಲಕ್ಕೆ ಬೀಳುತ್ತದೆ. ಗಡ್ಡಕ್ಕೆ ಮೊಂಡಾದ ಬ್ಲೇಡು ಬೆರಳಿಗೆ ಮೊಂಡಲ್ಲ, ಬೆಳಿಗ್ಗೆ ಆ ಚೀಲಕ್ಕೆ ಕೈ ಹಾಕುವವರು ಪೌರಕಾರ್ಮಿಕರು. ಖಾಲಿ ತಗಡಿನ ಡಬ್ಬವೊಂದರ ಮುಚ್ಚಳಕ್ಕೆ ಸೀಳು ಮಾಡಿ ಬ್ಲೇಡುಗಳನ್ನು ಅದರೊಳಗೆ ಹಾಕುತ್ತಾ ಬನ್ನಿ. ತುಂಬಿದ ಮೇಲೆ ಟೇಪು ಸುತ್ತಿ, ‘ಬ್ಲೇಡು’ ಎಂದು ದಪ್ಪಕ್ಷರದಲ್ಲಿ ಬರೆದು, ಬೇರೆಯಾಗಿ ಅವರ ಕೈಗೇ ಕೊಡಿ.