ಸಾಲ ಮಾಡದವರಿಗೆ ಸಾಲವಿಲ್ಲ

ತಿಪಟೂರಿನಂಥ ಊರಿನಲ್ಲಿ ಗೃಹಸಾಲದ ಏಜೆಂಟರನ್ನು, ಅಂದರೆ ಅರ್ಜಿ, ಕಾಗದಪತ್ರಗಳನ್ನು ಬ್ಯಾಂಕಿಗೆ ಮುಟ್ಟಿಸಿ ಅಲ್ಲಿಂದ ಕಮಿಷನ್ ಪಡೆಯುವ ಮಧ್ಯವರ್ತಿಯನ್ನು, ಯಾರೂ ಹುಡುಕಬೇಕಾಗಿಲ್ಲ. ಸೈಟಿಗೆ ಮುಂಗಡ ಕೊಟ್ಟ ಸುದ್ದಿ ಕೊಟ್ಟವರ ಮನೆಗೆ ತಲುಪುವ ಮೊದಲೇ ಅವರಿಗೆ ತಲುಪಿರುತ್ತದೆ. ಅಂಥವರೊಬ್ಬರಿಗೂ ಪ್ರೌಢಶಾಲೆಯ ಮೇಷ್ಟ್ರೊಬ್ಬರಿಗೂ ಹೋಟೆಲಿನಲ್ಲಿ ನಡೆದ ಸಂವಾದ ಅಧ್ಯಯನಯೋಗ್ಯವಾಗಿದೆ.

“ನಿಮ್ಮ ಫೀಸು?”

“ನಿಮ್ಮ ಹತ್ತಿರ ತಗೊಂಡ್ರೆ ಪಾಪ ಬರುತ್ತೆ ಸಾರ್, ಬ್ಯಾಂಕೇ ಕೊಡುತ್ತೆ. ಕಾಫಿ ಮಾತ್ರ ನಿಮ್ಮದು. ಇನ್ನೊಂದು ಮಸಾಲೆದೋಸೆನೂ ಹೇಳ್ಬಿಡಿ.”

“ಬಡ್ಡಿ ಎಲ್ಲಿ ಕಡಿಮೆ?”

“ಕೆಲಸ ಎಲ್ಲಿ ಬೇಗ ಆಗುತ್ತೋ ಅದೇ ಒಳ್ಳೆ ಬ್ಯಾಂಕು.”

ಕಮಿಷನ್ ಎಲ್ಲಿ ಹೆಚ್ಚೆಂಬ ಪ್ರಶ್ನೆಯನ್ನು ಮೇಷ್ಟ್ರು ಸೌಜನ್ಯದಿಂದ ಕೇಳಲಿಲ್ಲ. ಅವರ ಸೈಟಿಗಿದ್ದದ್ದು ‘11ಬಿ’, ಅಂದರೆ ಪೂರ್ಣ ಅನುಮೋದನೆಯಿಲ್ಲದ ಆಸ್ತಿಗೆ ಗ್ರಾಮ ಪಂಚಾಯಿತಿ ಕೊಡುವ, ಅನೇಕ ಬ್ಯಾಂಕುಗಳು ನೋಡಿದೊಡನೆ ಹಿಂದೆ ಸರಿಯುವ ದಾಖಲೆ. “ಅದೆಲ್ಲ ಅಡ್ಜಸ್ಟ್ ಆಗುತ್ತೆ” ಎಂದು ಏಜೆಂಟರು ದೋಸೆಯ ಅಂಚು ಮುರಿದರು. ಹಳೆಯ ಸಾಲಗಳನ್ನು ತೀರಿಸಿದ ನಡತೆಯನ್ನು 300ರಿಂದ 900ರವರೆಗೆ ಅಳೆಯುವ ಸಿಬಿಲ್ ಅಂಕ ಮಾತ್ರ ಅಡ್ಜಸ್ಟ್ ಆಗಲಿಲ್ಲ, ಏಕೆಂದರೆ ಮೇಷ್ಟ್ರು ಜನ್ಮದಲ್ಲಿ ಸಾಲವನ್ನೇ ಮಾಡಿರಲಿಲ್ಲ.

“ಸಾಲಾನೇ ಮಾಡದವರನ್ನ ನಂಬೋದು ಹೇಗೆ ಸಾರ್? ಮೊದಲು ಕಂತಿನ ಮೇಲೆ ಒಂದು ಮೊಬೈಲ್ ತಗೊಳ್ಳಿ. ನಮ್ಮ ತಮ್ಮಂದೇ ಅಂಗಡಿ.”