ಕಂಬ ಹತ್ತಿದವನ ಪಾಲು

ಜನ ಕೇಬಲ್ ವಯರ್ ಕತ್ತರಿಸಿ ಎಸೆಯುತ್ತಿದ್ದಾರೆ ಎಂದು ದಿಲ್ಲಿ-ಮುಂಬೈಯ ಮಾರುಕಟ್ಟೆ ಪಂಡಿತರು ಬರೆಯುತ್ತಾರೆ. ಗದಗ-ಬೆಟಗೇರಿಯಲ್ಲಿ ಯಾರೂ ಕತ್ತರಿ ಹಿಡಿದದ್ದನ್ನು ನಾನಂತೂ ಕಂಡಿಲ್ಲ. ಇಲ್ಲಿ ಬಿಡುವ ಪದ್ಧತಿಯೇ ಬೇರೆ. ತಿಂಗಳ ಮೊದಲ ವಾರ ಕೇಬಲ್‌ನವ ಬಾಗಿಲಿಗೆ ಬಂದು "ಅಕ್ಕಾರ, ಬಿಲ್ಲು" ಅನ್ನುತ್ತಾನೆ. ಒಳಗಿಂದ "ಮನ್ಯಾಗ ಅವ್ರು ಇಲ್ಲರಿ, ನಾಳೆ ಬರ್ರಿ" ಎಂಬ ಉತ್ತರ ಬರುತ್ತದೆ. ಅಂಥ ನಾಲ್ಕೈದು ನಾಳೆಗಳು ಕಳೆಯುವುದರೊಳಗೆ ಬಾಕ್ಸು ತಾನೇ ಬಂದ್ ಬೀಳುತ್ತದೆ, ಅದರ ಮೇಲೆ ಊದಿನಕಡ್ಡಿಯ ಪೊಟ್ಟಣ ಬಂದು ಕೂರುತ್ತದೆ. ವಯರ್ ಮಾತ್ರ ಹೆಸ್ಕಾಂ ಕಂಬದಿಂದ ಮಾಳಿಗೆಯವರೆಗೆ ಜೋತಾಡುತ್ತಲೇ ಇರುತ್ತದೆ. ಟವೆಲ್ ಒಣಹಾಕಲು ಒಳ್ಳೆಯದು.

ಡಿಜಿಟಲ್ ಕೇಬಲ್ ಕಂಪನಿಗಳ ಒಕ್ಕೂಟವೇ ಲೆಕ್ಕ ಹಾಕಿಸಿ ಹೇಳಿದೆ: ದುಡ್ಡು ಕೊಟ್ಟು ಟಿವಿ ನೋಡುವ ಮನೆಗಳು 2018ರಲ್ಲಿ ದೇಶದಲ್ಲಿ 15.1 ಕೋಟಿ ಇದ್ದವು, 2024ಕ್ಕೆ 11.1 ಕೋಟಿಗೆ ಇಳಿದವು. ಅಂದರೆ ನಾಲ್ಕು ಕೋಟಿ ಮನೆಗಳು "ನಾಳೆ ಬರ್ರಿ" ಅಂದಿವೆ.

ಈ ಕೇಬಲ್‌ನವ ಒಂದು ಕಾಲಕ್ಕೆ ಏನಾಗಿದ್ದ ಎಂಬುದು ಈಗಿನ ಹುಡುಗರಿಗೆ ಗೊತ್ತಿಲ್ಲ. 1994ರಲ್ಲಿ ಉದಯ ಟಿವಿ ಬಂದಾಗ ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕು. ಸ್ವಂತ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಊರಿಗೆ ಡಿಸಿ ಸಾಹೇಬರು ಬರುವ ಮೊದಲೇ ಕೇಬಲ್ ಬಂದು ರಾಜ್ಯಭಾರ ಶುರು ಮಾಡಿತ್ತು. ಕಾಯ್ದೆ ಬಂದದ್ದು 1995ರಲ್ಲಿ. ಹೆಡ್ ಪೋಸ್ಟಾಫೀಸಿಗೆ ಹೋಗಿ ಒಂದು ಅರ್ಜಿ ತುಂಬಿ ಫೀ ಕಟ್ಟಿದರೆ ಮುಗಿಯಿತು, ಪೋಸ್ಟ್ ಮಾಸ್ತರರ ಸಹಿಯಿಂದಲೇ ಪಟ್ಟಾಭಿಷೇಕ. ಭಾರತ-ಪಾಕಿಸ್ತಾನ ಮ್ಯಾಚಿನ ಕೊನೆಯ ಓವರಿನಲ್ಲಿ ಯಾವ ಓಣಿಯ ಟಿವಿಗೆ ಇರುವೆ ಮುತ್ತಬೇಕು ಎಂಬುದು ಅವನ ಕೈಯಲ್ಲಿತ್ತು. ಬಾಕಿ ಇಟ್ಟ ಓಣಿಯವರು ಆ ದಿನ ಅವನಿಗೆ "ಅಣ್ಣಾರ" ಎನ್ನುತ್ತಿದ್ದರು.

ಅವನದೇ ಒಂದು ಲೋಕಲ್ ಚಾನೆಲ್ ಇರುತ್ತಿತ್ತು. ಅದನ್ನು ನೆನೆಸಿಕೊಂಡು ನಗುವವರಿದ್ದಾರೆ, ನಗಲಿ. ತೋಂಟದಾರ್ಯ ಜಾತ್ರೆಯ ತೇರನ್ನು ಮನೆಯಲ್ಲೇ ಕೂತ ಮುದುಕಿಗೆ ತೋರಿಸುತ್ತಿದ್ದದ್ದು ಅದೇ. ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಒಬ್ಬರ ನಿಧನ ವಾರ್ತೆ, ಅದರ ಬೆನ್ನಿಗೇ ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಅಭಿನಂದನೆ, ಅದರ ಬೆನ್ನಿಗೆ ಕಳೆದುಹೋದ ಎಮ್ಮೆ. ಚಿತ್ರಮಂದಿರದಲ್ಲಿ ಇನ್ನೂ ಓಡುತ್ತಿರುವ ಸಿನಿಮಾ ಶುಕ್ರವಾರ ರಾತ್ರಿ ಅದೇ ಚಾನೆಲ್ಲಿನಲ್ಲಿ ಕದ್ದು ಬರುತ್ತಿತ್ತು. ಅದನ್ನು ಆಗ ಸೇವೆ ಎಂದು ಕರೆಯುತ್ತಿದ್ದರು. ಇವತ್ತಿನ ಯಾವ ಆ್ಯಪ್ ತೆರೆದರೂ ಕೊರಿಯಾದ ಪ್ರೇಮಕಥೆ ಸಿಗುತ್ತದೆ, ಸ್ಪೇನಿನ ಬ್ಯಾಂಕ್ ದರೋಡೆ ಸಿಗುತ್ತದೆ. ಬೆಟಗೇರಿಯ ಎಮ್ಮೆ ಸಿಗುವುದಿಲ್ಲ.

ಆಮೇಲೆ ಸರ್ಕಾರಕ್ಕೆ ಗ್ರಾಹಕನ ಮೇಲೆ ಕರುಣೆ ಹುಟ್ಟಿತು. ಮೊದಲು ಬಾಕ್ಸ್ ಕಡ್ಡಾಯ. ನಂತರ 2019ರ ಫೆಬ್ರವರಿಯಲ್ಲಿ ಟ್ರಾಯ್ ಹೊಸ ದರಪಟ್ಟಿ ತಂದು, ಬೇಕಾದ ಚಾನೆಲ್ಲನ್ನು ನೀವೇ ಆರಿಸಿಕೊಳ್ಳಿ ಎಂದಿತು. ನೂರು ಚಾನೆಲ್ಲಿಗೆ 130 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ದುಡ್ಡಿನ ಚಾನೆಲ್ ಬೇಕೆಂದರೆ ಅದರ ದರ ಬೇರೆ. ರೊಟ್ಟಿ ಬಡಿಯುವ ಕೈಗೆ ಚಾನೆಲ್ಲುಗಳ ಪಟ್ಟಿ ಕೊಟ್ಟು ಟಿಕ್ ಮಾಡ್ರಿ ಅಂದರು. ಆಯಿ ಪಟ್ಟಿಯನ್ನು ಮಡಚಿ ಒಲೆಯ ಬದಿಗಿಟ್ಟು, "ಹಿಂದ ಏನ್ ಬರ್ತಿತ್ತೋ ಅದನ್ನs ಹಾಕು" ಅಂದಳು. ಹಿಂದೆ ಬರುತ್ತಿದ್ದದ್ದೇ ಬಂತು, ಬಿಲ್ಲು ಮಾತ್ರ ಹೊಸದಾಗಿ ಬಂತು.

ಆ 130ರಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಸಿಗ್ನಲ್ ಕೊಡುವ ದೊಡ್ಡ ಕಂಪನಿಗೆ ಶೇ. 55, ಓಣಿಯ ಕೇಬಲ್‌ನವನಿಗೆ ಶೇ. 45 ಎಂದು ಆಗಿನ ನಿಯಮ. ಕೂಡಿ ಕಳೆದರೆ ಕಂಬ ಹತ್ತಿದವನಿಗೆ ಮನೆಗೆ 58 ರೂಪಾಯಿ 50 ಪೈಸೆ. ಚಾನೆಲ್ಲುಗಳ ಮೇಲೆ ಚೂರುಪಾರು ಕಮಿಷನ್. ಇದರಲ್ಲಿ ಹುಡುಗರ ಪಗಾರ, ಮಳೆಗಾಲದಲ್ಲಿ ಸುಟ್ಟ ಆಂಪ್ಲಿಫೈಯರ್, ಮತ್ತು "ನಾಳೆ ಬರ್ರಿ" ಎನ್ನುವ ಮನೆಗಳಿಗೆ ತಿರುಗುವ ಪೆಟ್ರೋಲು.

ಈ ನಡುವೆ 2016ರಲ್ಲಿ ಜಿಯೋ ಬಂದಿತ್ತು. ನಳದ ನೀರಿಗೆ ವಾರಗಟ್ಟಲೆ ಕಾಯುವ ಅವಳಿ ನಗರದಲ್ಲಿ ಡೇಟಾ ಮಾತ್ರ ದಿನಾ ನಡುರಾತ್ರಿ 12ಕ್ಕೆ ತಪ್ಪದೆ ತುಂಬತೊಡಗಿತು. ಟಿವಿ ಕೋಣೆಯಿಂದ ಕೈಗೆ ಬಂತು. 300 ರೂಪಾಯಿಯ ಕೇಬಲ್ ಯಾಕೆ ಬೇಕು ಎಂದು ಬಿಟ್ಟವರು ಈಗ ಕನ್ನಡ ಧಾರಾವಾಹಿ ನೋಡುವ ಬಗೆ ಹೀಗಿದೆ: ಉದಯಕ್ಕೆ ಸನ್ ನೆಕ್ಸ್ಟ್, ಜೀ ಕನ್ನಡಕ್ಕೆ ಜೀ5, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣಕ್ಕೆ ಜಿಯೋಹಾಟ್‌ಸ್ಟಾರ್. ಮೂರು ಆ್ಯಪ್, ಮೂರು ಪಾಸ್‌ವರ್ಡ್. ಓಟಿಪಿ ಮಾತ್ರ ಪುಣೆಯಲ್ಲಿರುವ ಅಳಿಯನ ಫೋನಿಗೆ. ರಾತ್ರಿ ಎಂಟಕ್ಕೆ ಅವನು ಮೀಟಿಂಗಿನಲ್ಲಿದ್ದರೆ ಇಲ್ಲಿ ಸೊಸೆಯ ಕಷ್ಟ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಕಲರ್ಸ್ ಮತ್ತು ಸುವರ್ಣ ಒಂದೇ ಆ್ಯಪಿನಲ್ಲಿರುವುದಕ್ಕೆ ಕಾರಣವಿದೆ. 2024ರ ನವೆಂಬರಿನಲ್ಲಿ ರಿಲಯನ್ಸ್-ಡಿಸ್ನಿ ವಿಲೀನವಾಗಿ ಎರಡೂ ಒಂದೇ ಮನೆ ಸೇರಿದವು. ಶಿರಹಟ್ಟಿಯ ಫಕೀರೇಶ್ವರ ಮಠ ಎರಡು ಧರ್ಮಗಳನ್ನು ಒಂದು ಗದ್ದುಗೆಯ ಮುಂದೆ ಕೂರಿಸಿತ್ತು; ಮುಂಬೈಯವರು ಟಿಆರ್‌ಪಿಗಾಗಿ ಬಡಿದಾಡುತ್ತಿದ್ದ ಎರಡು ಚಾನೆಲ್ಲುಗಳನ್ನು ಒಂದು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದರು. ಅವರವರ ಶಕ್ತ್ಯನುಸಾರ ಭಾವೈಕ್ಯ. 2023ರಲ್ಲಿ, 2024ರಲ್ಲಿ ಐಪಿಎಲ್ಲನ್ನು ಜಿಯೋಸಿನಿಮಾ ಪುಕ್ಕಟೆ ತೋರಿಸಿತು. 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಆದಾಗ ಎಲ್ಲಕ್ಕಿಂತ ಅಗ್ಗದ ಪ್ಲಾನ್ ಮೂರು ತಿಂಗಳಿಗೆ 149 ರೂಪಾಯಿ, ಜಾಹೀರಾತು ಸಮೇತ, ಮೊಬೈಲಿನಲ್ಲಿ ಮಾತ್ರ.

ಪತ್ರಿಕೆಗಳು ಇದನ್ನು ಕೇಬಲ್ ಮತ್ತು ಇಂಟರ್‌ನೆಟ್ಟಿನ ಯುದ್ಧ ಎನ್ನುತ್ತವೆ. ಯುದ್ಧವೆಂದರೆ ಎರಡು ಕಡೆಯವರು ಬೇಕಲ್ಲ! ಹಾಥ್‌ವೇ ಮತ್ತು ಡೆನ್ ಎಂಬ ಎರಡು ದೊಡ್ಡ ಕೇಬಲ್ ಕಂಪನಿಗಳ ಬಹುಪಾಲನ್ನು ಕೊಳ್ಳುವುದಾಗಿ ರಿಲಯನ್ಸ್ ಸಾರಿದ್ದು 2018ರ ಅಕ್ಟೋಬರಿನಲ್ಲೇ. ಕೇಬಲ್ ಅವರದು, ಡೇಟಾ ಅವರದು, ಈಗ ಚಾನೆಲ್ಲೂ ಆ್ಯಪೂ ಅವರವು. ಗ್ರಾಹಕ ಸಿಟ್ಟಿನಿಂದ ಒಂದು ಬಾಗಿಲಿನಿಂದ ಹೊರಬಿದ್ದು ಪಕ್ಕದ ಬಾಗಿಲಿನಿಂದ ಒಳಹೊಕ್ಕರೆ ಮನೆಯ ಯಜಮಾನ ಅದೇ ಸೋಫಾದಲ್ಲಿ ಕೂತಿರುತ್ತಾನೆ. 2023ರ ಗಣೇಶ ಚೌತಿಯಂದು ಜಿಯೋ ಏರ್‌ಫೈಬರ್ ಬಿಟ್ಟ ಮೇಲೆ ಓಣಿಯ ವಯರಿನ ಗೊಡವೆಯೂ ಇಲ್ಲ. ಕಪ್ಪತಗುಡ್ಡದ ಗಾಳಿಯಿಂದ ಕರೆಂಟ್ ತೆಗೆದ ಜಿಲ್ಲೆಗೆ ಗಾಳಿಯಿಂದ ಟಿವಿ ತೆಗೆದದ್ದು ಅಂಥ ಸೋಜಿಗವೇನಲ್ಲ.

ಇನ್ನು ಕೇಬಲ್ ಕಂಪನಿಗಳು ಕಾಲಕ್ಕೆ ತಕ್ಕಂತೆ ಬದಲಾದ ಬಗೆ. ಅವು ಈಗ ಫೈಬರ್ ಇಂಟರ್‌ನೆಟ್ ಮಾರುತ್ತವೆ. ಪ್ಲಾನಿನ ಜೊತೆ ಒಂದು ರಾಶಿ ಆ್ಯಪ್, ಮೇಲೆ ಇನ್ನೂರು-ಮುನ್ನೂರು ಚಾನೆಲ್ ಉಚಿತ. ಬೇಡದ ಚಾನೆಲ್ಲಿಗೆ ದುಡ್ಡು ಕೊಡಲಾರೆ ಎಂದು ಹೊರಟವನಿಗೆ ಬೇಡದ ಆ್ಯಪುಗಳನ್ನು ಕಟ್ಟಿ, ಬಿಟ್ಟುಬಂದ ಚಾನೆಲ್ಲುಗಳನ್ನೇ ಉಡುಗೊರೆಯಾಗಿ ಕೊಟ್ಟರು. ಮುಂಡರಗಿ ಕಡೆಯ ಹಳ್ಳಿಗಳ ಜಾಣರು ಮಾತ್ರ ಡಿಡಿ ಫ್ರೀ ಡಿಶ್ ತಟ್ಟೆ ಕಟ್ಟಿಕೊಂಡು, ತಿಂಗಳ ಬಾಡಿಗೆಯೇ ಇಲ್ಲದೆ ಸಿಕ್ಕಷ್ಟು ನೋಡಿ ಮಲಗುತ್ತಾರೆ. ಅವರ ಬಗ್ಗೆ ಯಾವ ಪಂಡಿತನೂ ವರದಿ ಬರೆಯುವುದಿಲ್ಲ. ಲಕ್ಷ್ಮೇಶ್ವರದಲ್ಲಿ ನೆಟ್ ನಿಂತರೆ ಈಗ ಅಣ್ಣಾರ ಎಂದು ಕೂಗಲು ಯಾರೂ ಇಲ್ಲ. ಕಸ್ಟಮರ್ ಕೇರ್ ಯಂತ್ರ ಮಾತಾಡುತ್ತದೆ. ಪಂಪ ಮೆಚ್ಚಿದ ಪುಲಿಗೆರೆಯ ತಿರುಳುಗನ್ನಡದ ಊರಿಗೆ ಅದು ಹೇಳುವ ಕನ್ನಡ: "ನಿಮ್ಮ ಅಸೌಕರ್ಯಕ್ಕಾಗಿ ನಾವು ವಿಷಾದಿಸಲ್ಪಡುತ್ತೇವೆ."

ನನ್ನ ಹೊಟ್ಟೆಯುರಿ ಬೇರೆ ಕಡೆ ಇದೆ. ಕೇರಳದಲ್ಲಿ ಓಣಿಯ ಕೇಬಲ್‌ನವರೇ ಕೂಡಿ ಬಂಡವಾಳ ಹಾಕಿ ಕೇರಳ ವಿಷನ್ ಕಟ್ಟಿದರು. ಸಿಗ್ನಲ್ಲೂ ಅವರದೇ, ಬ್ರಾಡ್‌ಬ್ಯಾಂಡೂ ಅವರದೇ. ದೊಡ್ಡ ಕಂಪನಿಗಳ ಎದುರು ಇಂದಿಗೂ ನಿಂತಿದ್ದಾರೆ. ಕೂಡಿ ಬಂಡವಾಳ ಹಾಕುವ ವಿದ್ಯೆಯನ್ನು ಗದಗಿಗೆ ಯಾರಾದರೂ ಕಲಿಸಬೇಕಿತ್ತೇ? ಏಷ್ಯಾದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದದ್ದು 1905ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ. ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿದ ನೆಲದಲ್ಲಿ ಕೇಬಲ್‌ನವರು ಕೂಡಿದ್ದು ಯಾವ ಓಣಿ ಯಾರದು ಎಂದು ಗೆರೆ ಎಳೆಯಲು. ಗೆರೆ ದಾಟಿದವನ ವಯರು ರಾತ್ರೋರಾತ್ರಿ ತುಂಡಾಗುತ್ತಿತ್ತು. ಈ ಧಂದೆಯಲ್ಲಿ ನಿಜವಾಗಿ ಕತ್ತರಿ ಹಿಡಿದವರು ಗ್ರಾಹಕರಲ್ಲ.

ಈಗ ಅವರಲ್ಲೊಬ್ಬ ಯಾವುದೋ ಕಂಪನಿಯ ಫೈಬರ್ ಎಳೆಯುತ್ತಾನೆ. ಅದೇ ನಿಚ್ಚಣಿಕೆ, ಅದೇ ಕಂಬ, ಮೈಮೇಲೆ ಮಾತ್ರ ಕಂಪನಿಯ ಟಿ-ಶರ್ಟು. ಟಾಂಗಾಕೂಟದ ಬಳಿ ಗಿರಮಿಟ್ ತಿನ್ನುತ್ತ ನಿಂತವನನ್ನು "ಹೆಂಗೈತ್ರಿ ಧಂದೆ?" ಎಂದು ಕೇಳಿದರೆ, ಹಳೇ ವಯರನ್ನೆಲ್ಲ ಬಿಚ್ಚಿ ಗುಜರಿಗೆ ಹಾಕುತ್ತಿದ್ದೇನೆ ಅಂದ.

"ಹಂಗಾರ ಛಲೋ ರೊಕ್ಕ ಬಂದಿರಬೇಕಲ್ಲ? ಒಳಗ ತಾಮ್ರ ಇರ್ತೈತಿ."

"ನಾನೂ ಇಪ್ಪತ್ತೈದು ವರ್ಷ ಹಂಗs ತಿಳ್ಕೊಂಡಿದ್ನಿರಿ. ಗುಜರಿಯಾಂವ ಕೆರೆದು ತೋರಿಸಿದ. ಒಳಗ ಕಬ್ಬಿಣ ಐತಿ, ತಾಮ್ರ ಬರೇ ಮ್ಯಾಲ ಸವರ್‍ಯಾರ."