ಆಂಪಿಯರ್ ಅಂಕಲ್

ಮೆಜೆಸ್ಟಿಕ್ಕಿಗೆ ಕೂಗಳತೆಯಲ್ಲಿರುವ ಬಿನ್ನಿಪೇಟೆಯವರಿಗೆ ಸ್ವಂತ ಗಾಡಿಯಲ್ಲಿ ಊರು ಸುತ್ತುವ ಹುಚ್ಚು ಹಿಡಿಯಬಾರದು. ನಾಡಿನ ಯಾವ ಮೂಲೆಗೆ ಹೋಗಬೇಕೆಂದರೂ ಚೀಲ ಹೆಗಲಿಗೇರಿಸಿ ನಡೆದೇ ಹೋಗಿ ಬಸ್ಸು ಹಿಡಿಯಬಹುದು. ರೈಲೇ ಬೇಕೆಂದರೆ ಅದೂ ಅಲ್ಲೇ. ಆದರೆ ಬ್ಯಾಂಕಿನಿಂದ ನಿವೃತ್ತರಾಗಿ, ಪಿಎಫ್ ಹಣ ಕೈಗೆ ಬಂದು, ಮಗ ಟೀವಿಯಲ್ಲಿ ಯೂಟ್ಯೂಬ್ ಹಾಕಿಕೊಳ್ಳುವುದನ್ನು ಕಲಿಸಿದ ಮೇಲೆ ಮನುಷ್ಯ ಯಾರ ಮಾತು ಕೇಳುತ್ತಾನೆ? ನಮ್ಮ ಬೀದಿಯ ಅಂಕಲ್ ಯಾವುದೋ ಶಾಲೆಯವರು ಮಾರಿದ ಹಳೇ ಟೆಂಪೋ ಟ್ರಾವೆಲರ್ ಕೊಂಡರು. ಸೀಟು ಕಿತ್ತು ಮಂಚ ಕೂರಿಸಿದರು, ಸಿಂಕು ಇಟ್ಟರು, ಪುಟ್ಟ ಫ್ರಿಜ್ಜು ತಂದರು, ಮೋಟರ್‌ಹೋಮ್ ಎಂದು ಹೆಸರಿಟ್ಟರು. ಹಳದಿ ಬಣ್ಣ ಪೂರ್ತಿ ಹೋಗಿಲ್ಲವಾದ್ದರಿಂದ ಬೀದಿಯ ಮಕ್ಕಳಿಗೆ ಅದು ಇವತ್ತಿಗೂ ಸ್ಕೂಲ್ ವ್ಯಾನೇ.

ಇಂಥವರು ಎಲ್ಲ ಕಾಲದಲ್ಲೂ ಇದ್ದರು. ಒಂದು ಕಾಲಕ್ಕೆ ಇವರೇ ಚೆನ್ನಾಗಿ ಹಾಡುತ್ತಿದ್ದ ರೇಡಿಯೊ ಬಿಚ್ಚುತ್ತಿದ್ದರು. ಆಮೇಲೆ ತಾರಸಿ ಹತ್ತಿ ಆಂಟೆನಾ ತಿರುಗಿಸುತ್ತ ‘ಈಗ ಬಂತಾ?’ ಎಂದು ಕೂಗುತ್ತಿದ್ದರು. ಮನೆಯಲ್ಲಿ ಯಾವುದಾದರೂ ವಸ್ತು ತನ್ನ ಪಾಡಿಗೆ ಕೆಲಸ ಮಾಡುತ್ತಿದೆ ಎಂದರೆ ಇವರಿಗೆ ನಿದ್ದೆ ಬರುವುದಿಲ್ಲ. ಅಂಕಲ್ ಅಂಗಿ ಜೇಬಿನಲ್ಲಿ ಪೆನ್ನಿರುವುದಿಲ್ಲ, ಮಲ್ಟಿಮೀಟರ್ ಇರುತ್ತದೆ. ಅದರ ಕೆಂಪು, ಕಪ್ಪು ತಂತಿಗಳು ಹೊಟ್ಟೆಯವರೆಗೂ ಇಳಿಬಿದ್ದಿರುತ್ತವೆ. ನೆಂಟರ ಗೃಹಪ್ರವೇಶಕ್ಕೆ ಹೋದರೆ ಎಲ್ಲರೂ ದೇವರ ಕೋಣೆಗೆ ಕೈ ಮುಗಿಯುತ್ತಿರುವಾಗ ಇವರು ಹಾಲಿನ ಪ್ಲಗ್ ಪಾಯಿಂಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ‘238 ಇದೆ, ಸ್ವಲ್ಪ ಜಾಸ್ತಿ’ ಎನ್ನುತ್ತಾರೆ.

ವ್ಯಾನಿನ ಸಂಕಟ ಶುರುವಾಗಿದ್ದು ಚಟ್ನಿಯಿಂದ. ಮೊದಲು ಹಾಕಿದ್ದು 600 ವ್ಯಾಟಿನ ಸಾದಾ ಸ್ಕ್ವೇರ್ ವೇವ್ ಇನ್ವರ್ಟರ್. ಬಲ್ಬು ಉರಿಯಿತು, ಮೊಬೈಲು ಚಾರ್ಜ್ ಆಯಿತು, ಫ್ಯಾನು ಕೊಂಯ್ ಎನ್ನುತ್ತಲೇ ತಿರುಗಿತು. ಆಂಟಿಯ ಮಿಕ್ಸಿ ಮಾತ್ರ 750 ವ್ಯಾಟಿನದು. ಸ್ವಿಚ್ ಒತ್ತಿದ ಗಳಿಗೆಯಲ್ಲಿ ಅದು ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. ಇನ್ವರ್ಟರ್ ಕೀ ಎಂದು ಕಿರುಚಿ ಮಲಗಿತು. ‘ಚಟ್ನಿ ಮನೆಯಲ್ಲೇ ರುಬ್ಬಿ ಡಬ್ಬಿಗೆ ಹಾಕ್ಕೊಂಡ್ರೆ ಆಯ್ತಲ್ರೀ’ ಎಂದರು ಆಂಟಿ. ಸಮಸ್ಯೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪರಿಹಾರ ಇಷ್ಟು ಅಗ್ಗಕ್ಕೆ ಸಿಕ್ಕರೆ ಅಂಕಲ್‌ಗೆ ಅವಮಾನ. ಮಾರನೇ ದಿನ ಎಸ್.ಪಿ. ರೋಡಿಗೆ ಹೋಗಿ 2000 ವ್ಯಾಟಿನ ಪ್ಯೂರ್ ಸೈನ್ ವೇವ್ ತಂದರು.

ತಂದ ಮೇಲೆ ಲೆಕ್ಕ ಹಾಕಿದರು. 2000 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ 167 ಆಂಪಿಯರ್. ಇನ್ವರ್ಟರ್ ತಾನೇ ನುಂಗುವುದನ್ನೂ ಸೇರಿಸಿದರೆ 180 ದಾಟುತ್ತದೆ. ಹಳೇ ವೈರಿನಲ್ಲಿ ಇಷ್ಟು ಹರಿದರೆ ಚಟ್ನಿಗೆ ಮೊದಲು ವ್ಯಾನೇ ಒಗ್ಗರಣೆಯಾಗುತ್ತದೆ. ಹಾಗಾಗಿ ಹೆಬ್ಬೆರಳಿನಷ್ಟು ದಪ್ಪದ ತಾಮ್ರದ ಕೇಬಲ್ ಬಂತು, ಲಗ್ ಬಂತು, ಬ್ಯಾಟರಿ ಪಕ್ಕದಲ್ಲೇ ಕೂರುವ ದೊಡ್ಡ ಫ್ಯೂಸ್ ಬಂತು. ಒಂದು ಸಂಜೆ ಕೇಬಲ್ ತುಂಡನ್ನು ಕೈಯಲ್ಲಿ ಹಿಡಿದೇ ಅಂಕಲ್ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡರು. ‘1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ತಂತಿ ಎಳೆದ್ರು ಕಣಪ್ಪ. ಅಲ್ಲಿ ಸಾವಿರಾರು ವೋಲ್ಟ್. ವೋಲ್ಟ್ ಜಾಸ್ತಿ ಆದ್ರೆ ಆಂಪಿಯರ್ ಕಮ್ಮಿ, ಸಣ್ಣ ತಂತಿ ಸಾಕು. ನಂದು ಬರೀ 12 ವೋಲ್ಟು. ಒಂದೂವರೆ ಮೀಟರಿಗೇ ನನ್ನ ಪೆನ್ಶನ್ ಹೋಯ್ತು.’ ಪಾಠ ಸರಿಯಾಗೇ ಇತ್ತು. ನಮ್ಮ ಭೌತಶಾಸ್ತ್ರದ ಮೇಷ್ಟ್ರು ಇಷ್ಟು ಚೆನ್ನಾಗಿ ಹೇಳಿದ್ದರೆ ನಾನೂ ಪಾಸಾಗುತ್ತಿದ್ದೆ.

ಅಷ್ಟಕ್ಕೂ ನಿಲ್ಲಲಿಲ್ಲ. ದೊಡ್ಡ ಇನ್ವರ್ಟರಿಗೆ ಒಂದು ಬ್ಯಾಟರಿ ಸಾಲದು ಎಂದು ಇನ್ನೊಂದು 150 ಆಂಪಿಯರ್-ಅವರ್ ಟ್ಯೂಬುಲರ್ ಬಂತು. ಒಂದೊಂದೂ ಹೆಚ್ಚುಕಡಿಮೆ ಅರವತ್ತು ಕಿಲೋ. ವ್ಯಾನಿನ ಹಿಂಭಾಗ ಕೂತಿತು. ಕಮಾನು ಪ್ಲೇಟು ಹೆಚ್ಚಿಗೆ ಹಾಕಿಸಿದರು, ಮುಂಭಾಗ ತಗ್ಗಿತು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತದೆ, ಮಲಗುವ ಜಾಗದಲ್ಲಿ ಅದು ತುಂಬಬಾರದು ಎಂದು ಪೆಟ್ಟಿಗೆಗೆ ಗಾಳಿಕಿಂಡಿ ಕೊರೆದರು. ಕಿಂಡಿಯಿಂದ ಹೈಡ್ರೋಜನ್ ಹೊರಗೆ ಹೋಯಿತೋ ಗೊತ್ತಿಲ್ಲ, ಇಲಿ ಒಳಗೆ ಬಂತು. ಕೊನೆಗೆ ಎರಡನ್ನೂ ಮಾರಿ ಹಗುರವಾದ ಲಿಥಿಯಂ ತಂದರು. ಅದು ಖಾಲಿಯಾದಾಗ ಸಿಕ್ಕಷ್ಟು ಕರೆಂಟ್ ಎಳೆದುಕೊಳ್ಳುತ್ತದೆ, ಇಂಜಿನ್ನಿನ ಆಲ್ಟರ್ನೇಟರ್ ಕಾದು ಸುಟ್ಟೀತು ಎಂದು ನಡುವೆ ಇನ್ನೊಂದು ಚಾರ್ಜರ್ ಬೇಕಾಯಿತು. ಇಷ್ಟೆಲ್ಲದರ ನಡುವೆ ಯಾರಾದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎತ್ತಿ, ‘ಗಾಡಿ ಮಾರ್ಪಾಡಿಗೆ ರಾಜಾಜಿನಗರದ ಆರ್‌ಟಿಒ ಒಪ್ಪಿಗೆ ಆಯ್ತಾ ಅಂಕಲ್?’ ಎಂದರೆ ಮಾತ್ರ ಅವರ ಕಿವಿ ತಟಕ್ಕನೆ ಮಂದವಾಗುತ್ತದೆ.

ಬೀದಿಗೆ ಇದರಿಂದ ನಷ್ಟವೇನಿಲ್ಲ ಎನ್ನಬೇಕು. ಕರೆಂಟ್ ಹೋದರೆ ಯುಪಿಎಸ್ ಇಲ್ಲದ ಮನೆಯವರೆಲ್ಲ ಮೊಬೈಲ್ ಹಿಡಿದು ವ್ಯಾನಿನ ಬಾಗಿಲಿಗೆ ಬರುತ್ತಾರೆ. ರಾಜ್ಯೋತ್ಸವದ ದಿನ ಜನರೇಟರ್ ಕೈಕೊಟ್ಟಾಗ ಮೈಕ್‌ಸೆಟ್ ನಡೆದದ್ದು ಈ ವ್ಯಾನಿನಿಂದಲೇ. ಅಂದು ಅಂಕಲ್ ವೇದಿಕೆಯತ್ತ ತಿರುಗಿಯೂ ನೋಡಲಿಲ್ಲ. ಮೀಟರ್ ಮುಂದೆ ಕೂತು, ಭಾಷಣಕಾರರು ದನಿ ಏರಿಸಿದಾಗಲೆಲ್ಲ ಎಷ್ಟು ಆಂಪಿಯರ್ ಏರಿತೆಂದು ಬರೆದುಕೊಂಡರು. ನಾಡಭಕ್ತಿಯನ್ನು ಇಷ್ಟು ಕರಾರುವಾಕ್ಕಾಗಿ ಅಳೆದವರು ಇನ್ನೊಬ್ಬರಿರಲಾರರು.

ಪ್ರವಾಸ? ಆ ವ್ಯಾನು ಇದುವರೆಗೆ ಹೋದ ಅತಿ ದೂರದ ಊರು ಯಶವಂತಪುರ. ಅಲ್ಲಿನ ವೇಬ್ರಿಡ್ಜಿನಲ್ಲಿ ತೂಕ ಹಾಕಿಸಿ, ಚೀಟಿ ತಂದು, ಫ್ರೇಮು ಹಾಕಿಸಿದ್ದಾರೆ. ಹೊರನಾಡಿಗೆ ಹೊರಡುವ ದಿನ ಮೂರು ಸಲ ಗೊತ್ತಾಗಿ, ಮೂರು ಸಲವೂ ಏನೋ ಒಂದು ಬಿಡಿಭಾಗ ಕೊರಿಯರಿನಲ್ಲಿ ಬರಬೇಕಿತ್ತು. ನಾಲ್ಕನೇ ಸಲ ಆಂಟಿ ಕಾಯಲಿಲ್ಲ. ಚಟ್ನಿಪುಡಿ ಕಟ್ಟಿಕೊಂಡು ಮೆಜೆಸ್ಟಿಕ್ಕಿಗೆ ನಡೆದು, ರಾತ್ರಿ ಬಸ್ಸು ಹತ್ತಿದರು. ಬೆಳಿಗ್ಗೆ ಫೋನು ಬಂದಾಗ ಅಂಕಲ್ ವ್ಯಾನಿನಡಿಯಲ್ಲಿ ಅಂಗಾತ ಮಲಗಿದ್ದರು; ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳಿಸಿತು.

‘ದರ್ಶನ ಚೆನ್ನಾಗಾಯ್ತು ಕಣ್ರೀ. ರೂಮೂ ಸಿಕ್ತು. ಫ್ಯಾನು, ಬಿಸಿನೀರು ಎಲ್ಲಾ ಇದೆ.’

ಅಂಕಲ್ ಸ್ಪ್ಯಾನರ್ ಕೆಳಗಿಟ್ಟರು. ‘ಹೌದಾ? ವೋಲ್ಟೇಜ್ ಎಷ್ಟು ಬರ್ತಾ ಇದೆ?’